ಕಚ್ಚಿದ್ದು ಯಾವ ಎತ್ತಿಗೆ

ಜೋಡಿ ಎತ್ತು ಮಾರುವವರಿಗೆ ನನ್ನದೊಂದು ಮಾತು: ಎರಡನ್ನೂ ಒಂದೇ ಥರ ಕಾಣಿಸಲು ಹೋಗಬೇಡಿ. ಹೊಸದುರ್ಗದ ಸಂತೆಯಲ್ಲಿ ಒಳ್ಳೆಯ ರೇಟು ಸಿಗಲೆಂದು ನನ್ನ ತಂಗಿಯ ಗಂಡ ತನ್ನ ಬಿಳಿ ಎತ್ತುಗಳ ಕೊಂಬು ಸಮನಾಗಿ ಹೆರೆಸಿ, ಒಂದರ ಹಣೆಯ ಕರಿ ಚುಕ್ಕೆಗೆ ಬಿಳಿ ಬಣ್ಣ ಹಚ್ಚಿದ್ದ. "ನೊಗಕ್ಕೂ ಗೊತ್ತಾಗಲ್ಲ, ನೋಡ್ತಿರಪ್ಪ," ಎಂದು ಬೀಗುತ್ತಿದ್ದ.

ಸಂತೆಯ ಹಿಂದಿನ ಸಂಜೆ ಹುಚ್ಚುನಾಯಿಯೊಂದು ಕೊಟ್ಟಿಗೆಗೆ ನುಗ್ಗಿ ಒಂದರ ಮೂತಿಗೆ ಬಾಯಿ ಹಾಕಿತು. ಎತ್ತುಗಳು ಹಗ್ಗ ಕಿತ್ತುಕೊಂಡು ಅಂಗಳವೆಲ್ಲ ಸುತ್ತಿದವು. ನಾವಿಬ್ಬರೂ ಓಡಿಬರುವಷ್ಟರಲ್ಲಿ ನಾಯಿ ಹೋಗಿತ್ತು; ಕಣ್ಣಾರೆ ಕಂಡವಳು ತಂಗಿ ಒಬ್ಬಳೇ.

"ಯಾವ್ದಕ್ಕೆ ಕಚ್ತಲೇ?" ಗಂಡ ಕೇಳಿದ.

"ಗ್ವಾಡೆ ಕಡೇದಕ್ಕೆ."

"ಈಗ ಅದು ಯಾವ್ದೈತೆ?"

ತಂಗಿ ಒಂದರಿಂದ ಇನ್ನೊಂದಕ್ಕೆ ಕಣ್ಣು ಹೊರಳಿಸಿದಳು. ಗಾಯ ಹುಡುಕಿದರೂ ಸಿಗಲಿಲ್ಲ. ಬಣ್ಣ ತೊಳೆದೆವು, ಚುಕ್ಕೆ ಬಂತು, ಉತ್ತರ ಬರಲಿಲ್ಲ. ಕಚ್ಚುವಾಗ ನೋಡುವ ಕಣ್ಣಿಗೆ ಅವುಗಳಿಗಿದ್ದ ವ್ಯತ್ಯಾಸ ನಿಂತ ಜಾಗವೊಂದೇ, ಈಗ ಅದೂ ಇರಲಿಲ್ಲ.

ತಂಗಿಯ ಗಂಡ ಹಾಗೇ ಮಾರುತ್ತೇನೆಂದ, ನಾನು ಬಿಡಲಿಲ್ಲ. ದನದ ಡಾಕ್ಟರು ಎರಡಕ್ಕೂ ಇಂಜೆಕ್ಷನ್ ಹಾಕಿ, "ಮೂತಿಗೆ ಕಚ್ಚಿದ್ರೆ ಇದನ್ನ ನಂಬಕಾಗಲ್ಲ. ಬ್ಯಾರೆ ಬ್ಯಾರೆ ಕಟ್ರಿ, ಹತ್ರ ಹೋಗ್ಬ್ಯಾಡ್ರಿ," ಎಂದರು.

ವಾರಗಟ್ಟಲೆ ಕಾದೆವು. ಒಂದೇ ಥರ ಮೇಯುತ್ತಿದ್ದವು, ಒಂದೇ ಥರ ನಮ್ಮನ್ನು ನೋಡುತ್ತಿದ್ದವು. ಅಷ್ಟು ಹೋಲಿದರೂ ಒಂದರೊಳಗೆ ಸಾವು ಬೆಳೆಯುತ್ತಿತ್ತು.

ಒಂದು ಬೆಳಿಗ್ಗೆ ಚುಕ್ಕೆಯಿಲ್ಲದ್ದು ಕಲಗಚ್ಚಿಗೆ ಮೂತಿಯಿಟ್ಟು, ನುಂಗಲಾರದೆ, ಒಡೆದ ದನಿಯಲ್ಲಿ ಕೂಗಿತು. ಇನ್ನೊಂದು ಮೇವು ಬಿಟ್ಟು ಅದನ್ನೇ ನೋಡುತ್ತ ನಿಂತಿತು.