ಗುಳ್ಳವ್ವನ ಉಳಿದ ಮಣ್ಣು

ಮಕ್ಕಳಿಗೆ ಆಟದಿಂದಲೇ ಮಾತು ಬರುತ್ತದೆ, ಬುದ್ಧಿ ಬೆಳೆಯುತ್ತದೆ ಎಂದು ಈಗ ಓದಿದವರು ಹೇಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಶಿಗ್ಗಾವಿಯ ಮನೆಯಲ್ಲಿ ಅಂದು ಇದನ್ನು ಹೇಳುವವರು ಒಬ್ಬರಾದರೂ ಇರಬಾರದಿತ್ತೇ?

ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಟ. ತಿಳವಳ್ಳಿಯ ತವರಿನಲ್ಲಿ ಅವ್ವ ಹೆರಿಗೆಯಲ್ಲಿ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ನನಗೆ ಒಂಬತ್ತು, ತಂಗಿಗೆ ನಾಲ್ಕು. ಅವಳು ಅಲ್ಲೇ ಇದ್ದು ಎಲ್ಲ ನೋಡಿದ್ದಳು. ಊರಿಗೆ ಬಂದ ಮೇಲೆ ಬಾಯಿಯೇ ಬಿಡಲಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಹರಕೆ ಹೊತ್ತಳು, ತಾಯತ ಕಟ್ಟಿಸಿದಳು, ಸವಣೂರಿಗೆ ಹೋಗಿ ಹಕೀಮರಿಂದ ಪುಡಿ ತಂದು ನಾಲಗೆಗೆ ತಿಕ್ಕಿದಳು. ತಂಗಿ ಪುಡಿಯನ್ನು ಉಗುಳಿದಳೇ ಹೊರತು ಮಾತಾಡಲಿಲ್ಲ.

ಮೂರು ತಿಂಗಳಿಗೆ ಆಷಾಢ ಬಂತು. ಮಂಗಳವಾರ ಮಂಗಳವಾರ ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸಿ, ಹುಡುಗಿಯರು ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಉಣ್ಣುವ ಪದ್ಧತಿ ನಮ್ಮಲ್ಲಿ. ಆಯಿ ಗುಳ್ಳವ್ವನನ್ನು ಮಣೆಯ ಮೇಲೆ ಕೂರಿಸಿ ಗುಲಗಂಜಿ ಒತ್ತಿ ಸಿಂಗರಿಸಿದಳು. ಉಳಿದ ಮಣ್ಣನ್ನು ತಂಗಿ ಹಿತ್ತಲಿಗೆ ಒಯ್ದಳು.

ಸ್ವಲ್ಪ ಹೊತ್ತು ಬಿಟ್ಟು ಹೋಗಿ ನೋಡುತ್ತೇನೆ, ತಾನೂ ಒಬ್ಬ ಗುಳ್ಳವ್ವನನ್ನು ಮಾಡಿ ಚಿಂದಿಯ ಮೇಲೆ ಮಲಗಿಸಿದ್ದಾಳೆ. ಮಗ್ಗುಲಲ್ಲಿ ಹೆಬ್ಬೆರಳಿನಷ್ಟು ಮಣ್ಣಿನ ಕೂಸು. ಕರಟದಲ್ಲಿ ನೀರು ಹಿಡಿದು ಹೇಳುತ್ತಿದ್ದಾಳೆ: “ಏಳ ಬೇ ಅವ್ವಾ. ಗಂಜಿ ಆರಾಕತ್ತೈತಿ. ಕೂಸು ಅಳಾಕತ್ತೈತಿ, ಏಳ.”

ನನಗೆ ಹಿಗ್ಗೋ ಹಿಗ್ಗು. “ಆಯೀ, ಲಗೂನ ಬಾ! ತಂಗಿ ಮಾತಾಡಾಕತ್ತಾಳ!” ಎಂದು ಕೂಗುತ್ತ ಒಳಗೆ ಓಡಿದೆ.

ಆಯಿ ಬಂದಳು. ಬಂದವಳಿಗೆ ಮಾತು ಕೇಳಿಸಲಿಲ್ಲ, ಮಲಗಿದ ಗೊಂಬೆ ಮಾತ್ರ ಕಂಡಿತು. ಕೂರಿಸಿ ಪೂಜಿಸುವ ಗುಳ್ಳವ್ವನನ್ನು ಮಲಗಿಸುವುದೆಂದರೆ!

“ದೇವರನ್ನ ಹೆಣಾ ಮಾಡ್ತಿಯೇನ ಮೂಳಿ? ಇನ್ನೊಂದು ಸಾವು ಬೇಕೇನ ಈ ಮನಿಗೆ?”

ಗೊಂಬೆಯನ್ನು ತುಳಿದಳು, ಕೂಸನ್ನೂ ತುಳಿದಳು. ತಂಗಿಗೆ ಹೊಡೆದಳು. ಹೊಡೆದದ್ದಾದರೂ ಎಲ್ಲಿಗೆ? ಬಾಯಿಗೆ! ಯಾವ ಬಾಯಿ ಬಿಡಿಸಲು ಊರೂರು ಅಲೆದಿದ್ದಳೋ ಅದೇ ಬಾಯಿಗೆ. ಸೊಸೆ ಸತ್ತ ಸಂಕಟ ಅವಳಿಗೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೂ ಆ ಏಟನ್ನು ನಾನು ಈವರೆಗೆ ಕ್ಷಮಿಸಿಲ್ಲ. ಹಕೀಮರ ಪುಡಿಯಿಂದ ಆಗದ್ದು ಒಂದು ಹಿಡಿ ಮಣ್ಣಿನಿಂದ ಆಗಿತ್ತು. ಅದನ್ನು ಕಾಣುವಷ್ಟು ಕಣ್ಣು ಆ ಮನೆಯ ಹಿರಿಯರಲ್ಲಿ ಒಬ್ಬರಿಗೂ ಇರಲಿಲ್ಲ.

ತಂಗಿ ಮತ್ತೆ ಮಾತಾಡಿದ್ದು ಎರಡು ವರ್ಷದ ಮೇಲೆ. ಅದೂ “ಹೂಂ”, “ಒಲ್ಲೆ”, ಅಷ್ಟೇ. ಗೊಂಬೆಯನ್ನಂತೂ ಮುಟ್ಟಲಿಲ್ಲ.

ಇಬ್ಬರೂ ಮುದುಕಿಯರಾದ ಮೇಲೆ ಒಂದು ದಿನ ಕೇಳಿದೆ: “ಆವತ್ತು ನಿನ್ನ ಗುಳ್ಳವ್ವ ಮುಂದ ಏನ ಮಾಡೋಳಿದ್ಳ?”

“ಎದ್ದು ಕುಂಡ್ರೋಳಿದ್ಳ,” ಎಂದಳು. “ಅಷ್ಟರಾಗ ನೀ ಆಯಿನ್ನ ಕರಕೊಂಡು ಬಂದಿ, ಅಕ್ಕಾ.”