ಅಮ್ಮನಿಗೆ ಕಾಮಾಲೆ ಎಂದು ಹೇಳಿದ್ದು

ನಮ್ಮ ಮನೆಯ ಹೆಂಗಸರು ಸತ್ತ ಮೇಲೆ ಅವರ ಕಾಯಿಲೆ ಬದಲಾಗುತ್ತಿತ್ತು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಹೊಸದುರ್ಗದಲ್ಲಿ ನಮ್ಮಮ್ಮ ಎದೆಯ ಗಡ್ಡೆಯಿಂದ ತೀರಿಕೊಂಡಳು. ತಿಥಿಯ ಊಟ ಮುಗಿಯುವಷ್ಟರಲ್ಲಿ ಅದು ಕಾಮಾಲೆಯಾಗಿತ್ತು. ನನ್ನ ತಂಗಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹುಡುಗಿಯ ಬಣ್ಣ, ಓದು, ನಡಿಗೆ ಎಲ್ಲ ನೋಡಿಯಾದ ಮೇಲೆ, ಎಲೆ ಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳುತ್ತಾರೆ: "ತಾಯಿ ಹೆಂಗೆ ಹೋದ್ರು?" ಗಡ್ಡೆ ಎಂದರೆ ಎಲೆ ಅಡಿಕೆ ತಟ್ಟೆಯಲ್ಲೇ ಉಳಿಯುತ್ತದೆ. ಕಾಮಾಲೆಯಾದರೆ ಅಂಥ ತೊಂದರೆ ಇಲ್ಲ. ಅದು ಯಾರಿಗೆ ಬೇಕಾದರೂ ಬರುತ್ತದೆ, ಮಗಳಿಗೆ ದಾಟುವುದಿಲ್ಲ.

ಹಿರಿಯರು ಕಟ್ಟಿದ ಈ ಸುಳ್ಳನ್ನು ಒಪ್ಪವಾಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೊಳಲ್ಕೆರೆಯಲ್ಲಿ ಹೈಸ್ಕೂಲು ಟೀಚರು, ನನ್ನ ಮಾತಿಗೆ ತೂಕ ಹೆಚ್ಚು. ಕಣ್ಣು ಹಳದಿಯಾದದ್ದು, ಬೇರಿನ ಔಷಧಿಗೆಂದು ಶ್ರೀರಾಂಪುರಕ್ಕೆ ಕರೆದುಕೊಂಡು ಹೋದದ್ದು, ಎಲ್ಲ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದೆ. ತಂಗಿಗೆ ಹಿರಿಯೂರಿನ ಹುಡುಗ ಸಿಕ್ಕ. ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ನೌಕರಿ. ಒಳ್ಳೆಯವನು. ಅವನಿಗೂ ಅತ್ತೆ ಕಾಮಾಲೆಯಿಂದ ಹೋದರೆಂದೇ ಗೊತ್ತು. ಕೆಲವು ವರ್ಷಗಳ ಮೇಲೆ ಅಮ್ಮನ ತಂಗಿ, ಅಂದರೆ ನಮ್ಮ ಚಿಕ್ಕಮ್ಮ, ಅಂಡಾಶಯದ ಕ್ಯಾನ್ಸರಿನಿಂದ ಸತ್ತಾಗ ಯಾರೂ ಹೇಳಿಕೊಡುವ ಮೊದಲೇ ನಾನು ಅದನ್ನು ಅಲ್ಸರ್ ಮಾಡಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ತಂಗಿಯ ಎದೆಯಲ್ಲೇ ಗಡ್ಡೆ ಕಾಣಿಸಿತು. ಅವಳಿಗಿನ್ನೂ ನಲವತ್ತಾಗಿರಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ, ತಿಂಗಳಿಗೊಮ್ಮೆ ಚಿತ್ರದುರ್ಗಕ್ಕೆ ಬರುತ್ತಿದ್ದ ಕ್ಯಾನ್ಸರ್ ಡಾಕ್ಟರ ಹತ್ತಿರ ಅವಳನ್ನು ತೋರಿಸುತ್ತಿದ್ದೆವು. ಒಂದು ಸಲ ಡಾಕ್ಟರು ಒಂದು ಹಾಳೆ ಎಳೆದುಕೊಂಡು ನಮ್ಮ ವಂಶದ ಗೆರೆ ಎಳೆಯತೊಡಗಿದರು. ಹೆಂಗಸರಿಗೆ ದುಂಡು, ಗಂಡಸರಿಗೆ ಚೌಕ.

"ಇಷ್ಟು ಚಿಕ್ಕ ವಯಸ್ಸಿಗೆ ಬಂದಿದೆ. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಒಂದು ರಕ್ತಪರೀಕ್ಷೆ ಮಾಡಿಸಬೇಕು. ಇದು ಹುಟ್ಟಿನಿಂದಲೇ ಬರುವ ಜೀನಿನ ದೋಷವೇ ಎಂದು ತಿಳಿಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲ, ದುಡ್ಡು ನೀವೇ ಹಾಕಬೇಕು. ನಿಮ್ಮ ತಾಯಿಗೆ ಏನಾಗಿತ್ತು?"

ಕೇಳಿದ್ದು ತಂಗಿಯನ್ನು. ಉತ್ತರ ಕೊಟ್ಟವಳು ನಾನು. "ಕಾಮಾಲೆ ಸಾರ್. ಚಿಕ್ಕಮ್ಮನಿಗೆ ಅಲ್ಸರ್."

ಕೋಣೆಯಲ್ಲಿ ಮೂರೇ ಜನ ಇದ್ದೆವು. ತಂಗಿಯ ಗಂಡ ಔಷಧಿ ಅಂಗಡಿಗೆ ಹೋಗಿದ್ದ. ಬಾಯಿ ತಪ್ಪಿ ಬಂದ ಮಾತೆಂದು ಬಹಳ ಕಾಲ ನನ್ನನ್ನು ನಾನೇ ನಂಬಿಸಿಕೊಂಡೆ. ಮೊದಲನೆಯದು ಬಾಯಿ ತಪ್ಪಿ ಬಂದಿರಬಹುದು. ಎರಡನೆಯದನ್ನು ಯೋಚನೆ ಮಾಡಿಯೇ ಹೇಳಿದೆ. ಆ ತಿಂಗಳು ನನ್ನ ಮಗಳಿಗೆ ಒಳ್ಳೆಯ ಕಡೆಯಿಂದ ಸಂಬಂಧ ಬಂದಿತ್ತು. ಹಾಳೆಯ ಮೇಲೆ ಬರೆದದ್ದು ಯಾರ ಕೈಗೆ ಸಿಗುತ್ತದೋ ಎಂದು ಹೆದರಿದೆ. ಹೊಳಲ್ಕೆರೆಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದವಳು ನಾನು, ಇದನ್ನೂ ಹೇಳಿಬಿಡುತ್ತೇನೆ.

ಡಾಕ್ಟರು ಪೆನ್ನು ಮುಚ್ಚಿದರು. "ಹಾಗಿದ್ದರೆ ನಾನು ಒತ್ತಾಯ ಮಾಡುವುದಿಲ್ಲ. ದುಬಾರಿ ಪರೀಕ್ಷೆ. ಮಾಡಿಸುವುದು ಬಿಡುವುದು ನಿಮಗೆ ಬಿಟ್ಟದ್ದು."

ಹಿರಿಯೂರಿನ ಬಸ್ಸಿನಲ್ಲಿ ತಂಗಿ ತಲೆಗೆ ಸೆರಗು ಬಿಗಿದುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಅವಳ ಗಂಡ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ. ಅವಳು ಮೆಲ್ಲಗೆ ಕೇಳಿದಳು. "ಡಾಕ್ಟ್ರ ಮುಂದೂ ಕಾಮಾಲೇನಾ ಅಕ್ಕಾ?"

"ಮುಂದಿನ ಸಲ ಸರಿಯಾಗಿ ಹೇಳಾಣ ಬಿಡೆ."

"ಆ ಪರೀಕ್ಷೆ ಮಾಡಿಸಾಣ. ನನಗೇನು, ಬರಾದು ಬಂದಾಯ್ತು. ನಮ್ಮಿಬ್ರ ಹುಡುಗೀರು ಅವೆ."

ನಾನು ಟಿಕೆಟ್ಟು ಮಡಚತೊಡಗಿದೆ.

ಮುಂದಿನ ವಾರ ಅವರ ಮನೆಗೆ ಹೋದಾಗ ತಂಗಿಯ ಗಂಡ ತಾನಾಗಿಯೇ ಪರೀಕ್ಷೆಯ ಮಾತು ತೆಗೆದ. "ಕುಂತ್ಕಳ್ರಿ ಅಕ್ಕಾ. ನೀವು ಓದಿದೋರು, ನೀವೇ ಹೇಳ್ರಿ. ಬೇಕು ಅಂದ್ರೆ ಹೆಂಗಾರ ಮಾಡಿ ದುಡ್ಡು ಹೊಂದುಸ್ತೀನಿ." ತಂಗಿ ತನ್ನ ಓಲೆಗಳನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದಳು, ಮಾರಲು. ಅವು ಬೇಕಾಗಿರಲೇ ಇಲ್ಲ. ಮಗಳ ಮದುವೆಗೆಂದು ಕೂಡಿಟ್ಟದ್ದು ನನ್ನ ಹತ್ತಿರ ಇತ್ತು, ಅದರಲ್ಲಿ ಈ ಪರೀಕ್ಷೆಗೆ ತೆಗೆದರೆ ಮದುವೆಯೇನೂ ನಿಲ್ಲುತ್ತಿರಲಿಲ್ಲ. ನಾನು ಹೇಳಿದ್ದು ಇಷ್ಟು: "ಡಾಕ್ಟ್ರೇ ಒತ್ತಾಯ ಇಲ್ಲ ಅಂದ್ರಲ್ಲಪ್ಪ. ಸುಮ್ನೆ ಯಾಕೆ ದುಡ್ಡು ದಂಡ?"

ಡಾಕ್ಟರಿಂದ ಆ ಮಾತನ್ನು ಹೊರಡಿಸಿದವಳೂ ನಾನೇ, ಅದನ್ನು ತಂದು ಅವರ ಮುಂದಿಟ್ಟವಳೂ ನಾನೇ. ತಂಗಿ ನನ್ನನ್ನು ಒಮ್ಮೆ ನೋಡಿದಳು. ಗಂಡನ ಎದುರು ಸುಳ್ಳನ್ನು ಬಿಚ್ಚಿದ್ದರೆ ಅವಳ ಮದುವೆಯ ಬುಡಕ್ಕೇ ಬರುತ್ತಿತ್ತು, ನನ್ನ ಮಗಳ ಸಂಬಂಧಕ್ಕೂ. ಅದು ನನಗೆ ಗೊತ್ತಿತ್ತು, ಅದಕ್ಕೇ ಧೈರ್ಯವಾಗಿದ್ದೆ. ಅವಳು ಓಲೆ ಹಾಕಿಕೊಳ್ಳತೊಡಗಿದಳು. ಆಪರೇಷನ್ ಆದ ಕಡೆಯ ಕೈ ಮೇಲೆ ಏಳದೆ ತಿರುಪು ಸಿಗಲಿಲ್ಲ. ನಾನೇ ಹಾಕಿದೆ.

ಮಗಳ ಮದುವೆಯಾಯಿತು. ಬೀಗರು ಕೇಳಿದ್ದಕ್ಕೆಲ್ಲ ಸರಾಗವಾಗಿ ಉತ್ತರ ಕೊಟ್ಟಿದ್ದೆ. ತಂಗಿ ಆಗತಾನೆ ಬೆಳೆದ ಮೋಟುಗೂದಲಿಗೆ ಹೂ ನಿಲ್ಲದಿದ್ದರೂ ಪಿನ್ನು ಚುಚ್ಚಿಕೊಂಡು ಬಂದು ಓಡಾಡಿದಳು. ವರ್ಷ ಕಳೆಯುವಷ್ಟರಲ್ಲಿ ಕಾಯಿಲೆ ಮರಳಿತು, ಈ ಸಲ ಬಿಡಲಿಲ್ಲ.

ಅವಳ ಮಗಳಿಗೆ ಹದಿನೆಂಟು ತುಂಬಿದಾಗ ನೆಂಟರೊಬ್ಬರು ಸಂಬಂಧ ತಂದರು. ಅವಳ ಅಪ್ಪ ನನಗೆ ಫೋನ್ ಮಾಡಿದ. "ಅವಳ ತಾಯಿ ವಿಷ್ಯ ಏನಂತ ಹೇಳಾಣ ಅಕ್ಕಾ? ನೀವೇ ಬರ್ರಿ. ನಿಮಗೆ ಚೆನ್ನಾಗಿ ಹೇಳಕ್ಕೆ ಬರ್ತೈತೆ." ಅವನು ಕೊಂಕು ಮಾತಾಡುವವನಲ್ಲ, ನನ್ನನ್ನು ನಂಬಿಯೇ ಹೇಳಿದ್ದ. ನಾನು ಹಿರಿಯೂರಿಗೆ ಹೋಗುವ ಬದಲು ಚಿತ್ರದುರ್ಗಕ್ಕೆ ಹೋಗಿ ಅದೇ ಡಾಕ್ಟರ ಮುಂದೆ ಕೂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಯಿಲೆ ಬಂದವರ ರಕ್ತವನ್ನೇ ಮೊದಲು ನೋಡಬೇಕು, ದೋಷ ಎಲ್ಲಿದೆ ಎಂದು ಅದರಿಂದ ತಿಳಿಯುತ್ತದೆ, ಆಮೇಲೆ ಉಳಿದವರಲ್ಲಿ ಅದನ್ನು ಹುಡುಕುವುದು ಸುಲಭ ಎಂದರು. "ಈಗ ನಿಮ್ಮದನ್ನು ನೋಡಬಹುದು. ಇಲ್ಲ ಎಂದು ಬಂದರೆ ಅದರಿಂದ ನಿಮ್ಮ ತಂಗಿಯ ಮಗಳ ವಿಷಯ ಏನೂ ಗೊತ್ತಾಗುವುದಿಲ್ಲ. ಅವಳದ್ದನ್ನೇ ನೋಡಿ ಇಲ್ಲ ಎಂದು ಬಂದರೂ, ತಾಯಿಯ ರಕ್ತ ನೋಡದೆ ಅದನ್ನು ನಂಬುವಂತಿಲ್ಲ."

ಯಾರನ್ನೂ ಕೇಳದೆ ದುಡ್ಡು ಕಟ್ಟಿದೆ. ಕೆಲವು ವಾರಗಳ ಮೇಲೆ ಫಲಿತಾಂಶ ಬಂತು. ನನ್ನಲ್ಲಿ ದೋಷ ಸಿಕ್ಕಿರಲಿಲ್ಲ. ಮೊದಲು ಆದದ್ದು ಸಂತೋಷ. ಆ ಸಂತೋಷವನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಕಾಗದ ಹಿಡಿದು ತಂಗಿಯ ಮಗಳ ಹತ್ತಿರ ಹೋದೆ. ಅವಳ ಮುಖ ಅರಳಿತು. "ಒಳ್ಳೇದಾತು ದೊಡ್ಡಮ್ಮ. ನಂದು?"

ಗೊತ್ತಾಗುವುದಿಲ್ಲವಂತೆ ಎಂದೆ. ಯಾಕೆ ಎಂದು ಅವಳು ಕೇಳುವ ಮೊದಲೇ ಎಲ್ಲ ಹೇಳಿದೆ. ಡಾಕ್ಟರ ಹಾಳೆ, ಅವಳ ಅಮ್ಮನ ಓಲೆ, ನಾನು ಆಡಿದ ಮಾತು.

ಅವಳು ನೆಲ ನೋಡುತ್ತಲೇ ಅಂದಳು. "ಗೊತ್ತು ದೊಡ್ಡಮ್ಮ. ಅಮ್ಮ ಆಸ್ಪತ್ರೇಲಿ ಹೇಳಿದ್ಲು. ನಿಮ್ಮನೆ ಅಕ್ಕಂಗೆ ಒಂದು ಮಗು ಆಗಾವರ್ಗೂ ಬಾಯಿ ಬಿಡಬ್ಯಾಡ, ಅವರ ಮನೇಲಿ ತೊಂದ್ರೆ ಆಗತೈತೆ ಅಂದಿದ್ಲು. ಆಮೇಲೆ ದೊಡ್ಡಮ್ಮನೇ ಹೇಳ್ತಾಳೆ, ನೀನು ಕೇಳಬ್ಯಾಡ ಅಂದ್ಲು."

ನನ್ನ ಮಗಳ ಮಗುವಿಗೆ ಆಗಲೇ ಎರಡು ವರ್ಷ ತುಂಬಿತ್ತು.