ಸಮನಾಗಿ ಬಡಿದ ನಾಡಿ

ನಾನೂ ನನ್ನ ತಮ್ಮನೂ ಕಿರುಗಾವಲಿನ ಹತ್ತಿರ ಒಂದು ಆಲೆಮನೆಯಲ್ಲಿ ಬೆಲ್ಲ ಮಾಡುತ್ತೇವೆ. ನಾನು ಹೆಚ್ಚು ಓದಿದವನಲ್ಲ. ಗಾಣದ ಮೋಟರಿನ ಸದ್ದು ಒಂದೇ ಸಮ ಇದ್ದರೆ ಎಲ್ಲ ಸರಿ, ಏರಿಳಿದರೆ ಎಲ್ಲೋ ಕೆಟ್ಟಿದೆ. ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ.

ಕಳೆದ ವರ್ಷ ಟ್ರ್ಯಾಕ್ಟರಿನಿಂದ ಕಬ್ಬು ಇಳಿಸುವಾಗ ಒಂದು ಹೊರೆ ಜಾರಿ ತಮ್ಮನ ಎಡಪಕ್ಕೆಗೆ ಬಡಿಯಿತು. ಮೈಮೇಲೆ ಗಾಯವಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೆವತು, ಗೋಡೆಗೊರಗಿ ಕೂತ.

"ಅಣ್ಣ, ತಲೆ ಸುತ್ತತೈತೆ. ಮಳವಳ್ಳಿ ಆಸ್ಪತ್ರೆಗೆ ಓಗಮ."

ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುತ್ತಿತ್ತು. ಬಿಟ್ಟುಹೋದರೆ ಅಷ್ಟೂ ಸೀದುಹೋಗುತ್ತದೆ. ಅವನ ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಬೇಗ ಬೇಗ ಓಡುತ್ತಿತ್ತು, ಆದರೆ ಒಂದಿಷ್ಟೂ ಏರುಪೇರಿಲ್ಲ.

"ಮೋಟರ್ ಓಡ್ದಂಗೆ ಸಮನಾಗಿ ಓಡ್ತಾ ಐತೆ ಕಣ್ಲಾ. ಮದುವೆ ಎಣ್ಣಿನಂಗೆ ಆಡ್ಬ್ಯಾಡ. ಬೆಲ್ಲ ಅಚ್ಚಿಗೆ ಉಯ್ದು ಓಗಮ, ಮಲಿಕೊ."

ಅವನು ಸಣ್ಣಗೆ ನಕ್ಕು ಮಲಗಿದ. ಬೆಲ್ಲ ಅಚ್ಚಿಗೆ ಹೊಯ್ದು ಕರೆದರೆ ಏಳಲಿಲ್ಲ.

ಮಳವಳ್ಳಿಯಲ್ಲಿ ನೋಡಿದವರು ಮಂಡ್ಯಕ್ಕೆ ಕಳಿಸಿದರು. ಎಡಪಕ್ಕೆಯೊಳಗಿನ ಗುಲ್ಮ ಒಡೆದು ಹೊಟ್ಟೆಯೊಳಗೇ ರಕ್ತ ಸೋರಿತ್ತು. ಆಪರೇಷನ್ ಮಾಡಿ, ರಕ್ತ ಕೊಟ್ಟು, ವೆಂಟಿಲೇಟರಿಗೆ ಹಾಕಿದರು. ಮರುದಿನ ಐಸಿಯು ಒಳಗೆ ಬಿಟ್ಟಾಗ ಪರದೆಯ ಮೇಲೆ ಎದೆಬಡಿತದ ಅಂಕಿ ಅಲುಗದೆ ನಿಂತಿತ್ತು. ನನಗೆ ಜೀವ ಬಂದ ಹಾಗಾಯಿತು.

"ಸಮನಾಗೈತೆ ಅಲ್ವಾ ಡಾಕ್ಟ್ರಮ್ಮ? ಆಲೆಮನೇಲೂ ಇಂಗೇ ಇತ್ತು. ನಾನೇ ಇಡ್ದು ನೋಡಿದ್ದೆ."

ಆಕೆ ನನ್ನನ್ನೇ ನೋಡಿದರು. "ಚೆನ್ನಾಗಿರೋರ ಎದೆಬಡಿತ ಅಷ್ಟು ಸಮ ಇರಲ್ಲಪ್ಪ. ಉಸಿರು ಎಳೆದಾಗ ಚೂರು ಬೇಗ, ಬಿಟ್ಟಾಗ ಚೂರು ನಿಧಾನ. ರಕ್ತ ಕಮ್ಮಿಯಾದ್ರೆ, ಇರೋದನ್ನೇ ಸುತ್ತಿಸೋಕೆ ಹೃದಯ ಬಿಡುವಿಲ್ಲದೆ ಓಡುತ್ತೆ. ಆ ಏರಿಳಿತ ಅಡಗಿಹೋಗುತ್ತೆ."

"ಈಗ?"

"ಈಗ ಉಸಿರು ಮಿಷನ್ನಿಂದು. ನಾವು ಉಸಿರು ಎಳೆದ್ರೆ ಎದೆ ರಕ್ತಾನೂ ಎಳ್ಕೊಳುತ್ತೆ. ಮಿಷನ್ನು ಗಾಳಿ ತಳ್ಳಿದ್ರೆ ಎದೆಗೆ ಬರೋ ರಕ್ತಕ್ಕೆ ತಡೆ ಆಗುತ್ತೆ. ಮತ್ತಿನ ಔಷಧೀನೂ ಇದೆ, ಅದಕ್ಕೇ ಆ ಏರಿಳಿತ ಕಾಣ್ತಿಲ್ಲ. ಸಮ ಇದೆ ಅಂತ ಖುಷಿ ಪಡೋ ಹಾಗಿಲ್ಲ."

ಹೊರಗೆ ಬಂದು ನನ್ನ ಮಣಿಕಟ್ಟನ್ನೇ ಹಿಡಿದುಕೊಂಡೆ. ಉಸಿರು ಎಳೆದಾಗ ಬೇಗ, ಬಿಟ್ಟಾಗ ನಿಧಾನ. ಇಷ್ಟು ವರ್ಷ ಇದು ನನ್ನ ಮೈಯಲ್ಲೇ ನಡೆಯುತ್ತಿತ್ತು. ಸಾವಿನ ಗುರುತನ್ನು ಬೆರಳಲ್ಲಿ ಹಿಡಿದುಕೊಂಡೇ ಮಲಿಕೊ ಎಂದಿದ್ದೆ.

ತಮ್ಮ ಉಳಿದ. ವಾರ್ಡಿಗೆ ನೋಡಲು ಬಂದವರಿಗೆಲ್ಲ ಅವನ ಹೆಂಡತಿ ಹೇಳಿದಳು, "ಬಾವ ನಾಡಿ ಇಡ್ದು ನೋಡಿ ಕರ್ಕಬಂದ್ರು ಕಣಕ್ಕ, ಅದ್ಕೇ ಇವ್ರು ಉಳ್ಕಂಡ್ರು."

"ಊ, ನಮ್ಮಣ್ಣ ದೊಡ್ಡ ಡಾಕ್ಟ್ರು," ಅಂದ ತಮ್ಮ. ಎಲ್ಲರೂ ನಕ್ಕರು.

ಅವನಿಗೆ ನೆನಪಿದೆಯೋ ಇಲ್ಲವೋ, ನಾನು ಕೇಳಿಲ್ಲ. ಅವನು ಹೋಗೋಣ ಎಂದಿದ್ದನ್ನೂ, ನಾನು ತಡೆದದ್ದನ್ನೂ ಅವನ ಹೆಂಡತಿಗೆ ಇನ್ನೂ ಹೇಳಿಲ್ಲ.